ಖಡಕ್ ದನಿ ಎಲ್ಲಿಂದ ಬರುತ್ತದೆ? ಗಿಟಾರಿನ ಬ್ರಿಡ್ಜ್ ಪಿಕಪ್ ಬದಲಿಸುವ ಮುನ್ನ

ಹುಬ್ಬಳ್ಳಿ-ಧಾರವಾಡದ ಕಾಲೇಜುಗಳಲ್ಲಿ ಫೆಸ್ಟಿನ ತಾಲೀಮು ಶುರುವಾಯಿತೆಂದರೆ ಒಂದೇ ಪ್ರಶ್ನೆ ಮೇಲಿಂದ ಮೇಲೆ ನನ್ನ ಬಳಿ ಬರುತ್ತದೆ. "ಅಣ್ಣಾರ, ನನ್ನ ಗಿಟಾರ್ ಭಾಳ ಸಪ್ಪಗ ಕೇಳಸ್ತೈತ್ರಿ. ಡಿಸ್ಟಾರ್ಷನ್ ಪೂರ್ತಿ ಏರಿಸಿದ್ರೂ ಖಡಕ್ ಅನಸವಲ್ದು. ಯಾವ ಪಿಕಪ್ ಹಾಕಸ್ಲಿ?" ಈ ಸಲ ಹುಡುಗರ ಜೊತೆ ಒಬ್ಬ ತಂದೆಯೂ ಕೇಳಿದರು: "ಗಿಟಾರ್ ಚಲೋನ ಐತಿ, ಮತ್ತ ಇವಾ ಸಾವಿರಗಟ್ಟಲೆ ರೊಕ್ಕ ಕೊಟ್ಟು ಒಂದು ಸಣ್ಣ ಡಬ್ಬಿ ತರಸ್ತೇನಂತಾನ್ರಿ. ಅದರಾಗ ಏನೈತಿ?"

ಎರಡೂ ನ್ಯಾಯವಾದ ಪ್ರಶ್ನೆಗಳೇ. ಎರಡನೆಯದಕ್ಕೆ ಉತ್ತರ ಗೊತ್ತಿಲ್ಲದೆ ಮೊದಲನೆಯದಕ್ಕೆ ಉತ್ತರಿಸಲು ಬರುವುದಿಲ್ಲ. ಆದ್ದರಿಂದ ಡಬ್ಬಿಯೊಳಗಿಂದಲೇ ಶುರುಮಾಡೋಣ.

ಡಬ್ಬಿಯಲ್ಲಿ ಏನಿದೆ

ಸೈಕಲ್ಲಿನ ಡೈನಮೊ ನೆನಪಿಸಿಕೊಳ್ಳಿ. ಗಾಲಿಗೆ ತಾಗಿಸಿದ ಡಬ್ಬಿಯೊಳಗೆ ಒಂದು ಅಯಸ್ಕಾಂತ, ಜೊತೆಗೆ ತಾಮ್ರದ ತಂತಿಯ ಸುರುಳಿ. ಗಾಲಿ ಉರುಳಿದಂತೆ ಅಯಸ್ಕಾಂತ ತಿರುಗುತ್ತದೆ, ಸುರುಳಿಯಲ್ಲಿ ಕರೆಂಟು ಹುಟ್ಟುತ್ತದೆ, ಮುಂದಿನ ದೀಪ ಹೊತ್ತುತ್ತದೆ. ಸುರುಳಿಯ ಮೂಲಕ ಹಾಯುವ ಕಾಂತಶಕ್ತಿ ಏರಿಳಿದರೆ ಅಲ್ಲಿ ವಿದ್ಯುತ್ ಹುಟ್ಟುತ್ತದೆ ಎಂದು ಮೈಕೆಲ್ ಫ್ಯಾರಡೆ 1831ರಲ್ಲಿ ತೋರಿಸಿದ್ದರು. ಗಿಟಾರಿನ ಪಿಕಪ್ ಕೆಲಸ ಮಾಡುವುದೂ ಇದೇ ನಿಯಮದ ಮೇಲೆ.

ಒಂದು ವ್ಯತ್ಯಾಸವಿದೆ. ಪಿಕಪ್ಪಿನಲ್ಲಿ ಅಯಸ್ಕಾಂತವೂ ಸುರುಳಿಯೂ ಕದಲದೆ ಕೂತಿರುತ್ತವೆ, ಕದಲುವುದು ಅವುಗಳ ಮೇಲೆ ಹಾದುಹೋಗುವ ಉಕ್ಕಿನ ತಂತಿ. ಅಯಸ್ಕಾಂತದ ಸಮೀಪದಲ್ಲಿರುವುದರಿಂದ ಆ ತಂತಿಯೂ ಸ್ವಲ್ಪ ಅಯಸ್ಕಾಂತವಾಗಿರುತ್ತದೆ. ಮೀಟಿದಾಗ ಅದು ಕಂಪಿಸುತ್ತದೆ, ಕೆಳಗಿನ ಸುರುಳಿಯಲ್ಲಿ ಅದೇ ಲಯದ ಪುಟ್ಟ ವೋಲ್ಟೇಜು ಹುಟ್ಟುತ್ತದೆ. ಎಲ್ಲಕ್ಕಿಂತ ದಪ್ಪನೆಯ ಆರನೇ ತಂತಿ ಸೆಕೆಂಡಿಗೆ ಸುಮಾರು 82 ಸಲ ಕಂಪಿಸಿದರೆ ವೋಲ್ಟೇಜೂ 82 ಸಲ ಏರಿಳಿಯುತ್ತದೆ. ಆಂಪ್ ಅದನ್ನು ಹಿಗ್ಗಿಸಿ ಸ್ಪೀಕರಿಗೆ ಕೊಡುತ್ತದೆ. ಪಿಕಪ್ ಗಾಳಿಯಲ್ಲಿರುವ ಶಬ್ದವನ್ನು ಹಿಡಿಯುವ ಮೈಕು ಅಲ್ಲ, ಲೋಹದ ಅಲುಗಾಟವನ್ನು ಹಿಡಿಯುವ ಸಾಧನ. ನೈಲಾನ್ ತಂತಿಯ ಗಿಟಾರಿಗೆ ಇದನ್ನು ಹಾಕಿದರೆ ಏನೂ ಕೇಳಿಸದಿರುವುದು ಇದಕ್ಕೇ.

ಸುಟ್ಟ ಪಂಪ್‌ಸೆಟ್ ಮೋಟಾರಿಗೆ ಹೊಸ ತಂತಿ ಸುತ್ತಿಕೊಡುವ ರಿವೈಂಡಿಂಗ್ ಅಂಗಡಿ ನಮ್ಮ ಕಡೆ ಎಲ್ಲ ಊರಲ್ಲೂ ಇದೆ. ಅಲ್ಲಿ ಬಳಸುವಂಥದೇ ಎನಾಮಲ್ ಲೇಪದ ತಾಮ್ರದ ತಂತಿಯನ್ನು ಪಿಕಪ್ಪಿಗೂ ಸುತ್ತುತ್ತಾರೆ, ಆದರೆ ತೀರ ಸಪೂರದ್ದು. ಹೆಚ್ಚಾಗಿ ಬಳಕೆಯಲ್ಲಿರುವ 42 ಗೇಜಿನ ತಂತಿ 0.063 ಮಿಲಿಮೀಟರ್ ದಪ್ಪ, ಹೆಚ್ಚುಕಡಿಮೆ ತಲೆಗೂದಲಿನಷ್ಟು. ಒಂದು ಸುರುಳಿಗೆ ಐದು ಸಾವಿರ ಸುತ್ತು ಎಂಬುದು ಸಾಮಾನ್ಯ ಲೆಕ್ಕ.

ಒಂದೇ ಸುರುಳಿ ಇದ್ದರೆ ಅದು ಸಿಂಗಲ್ ಕಾಯಿಲ್. ಅದರ ದನಿ ತಿಳಿಯಾಗಿರುತ್ತದೆ, ಆದರೆ ಮನೆಯ ವೈರಿಂಗು, ಟ್ಯೂಬ್‌ಲೈಟಿನ ಚೋಕು, ಆಂಪಿನದೇ ಟ್ರಾನ್ಸ್‌ಫಾರ್ಮರು ಹೊರಬಿಡುವ ಗುಂಯ್‌ಗುಡುವಿಕೆಯನ್ನೂ ಅದು ಹಿಡಿದುಕೊಳ್ಳುತ್ತದೆ. ನಮ್ಮ ಮನೆಗಳಿಗೆ ಬರುವುದು 50 ಹರ್ಟ್ಜಿನ ಕರೆಂಟು. ಆ ಗುಂಯ್ ಕೂಡ 50, 100, 150 ಎಂದು ಅದರ ಗುಣಕಗಳಲ್ಲೇ ಕೇಳಿಸುತ್ತದೆ. ಡಿಸ್ಟಾರ್ಷನ್ ಏರಿಸಿದಷ್ಟೂ ಅದೂ ಏರುತ್ತದೆ.

ಇದಕ್ಕೆ ಗಿಬ್ಸನ್ ಕಂಪನಿಯ ಎಂಜಿನಿಯರ್ ಸೇತ್ ಲವರ್ ಕಂಡುಕೊಂಡ ಉಪಾಯವೇ ಹಂಬಕರ್. ಪಕ್ಕಪಕ್ಕದಲ್ಲಿ ಎರಡು ಸುರುಳಿ, ಒಂದರ ಜೋಡಣೆ ಇನ್ನೊಂದಕ್ಕೆ ತಿರುವುಮುರುವು. ಹೊರಗಿನ ಗುಂಯ್ ಎರಡರಲ್ಲೂ ಸಮವಾಗಿ ಹುಟ್ಟುತ್ತದೆ, ಒಂದು ತಿರುವು ಆಗಿರುವುದರಿಂದ ಕೂಡಿಸಿದಾಗ ಸೊನ್ನೆಯಾಗುತ್ತದೆ. ಹಾಗಾದರೆ ತಂತಿಯ ದನಿಯೂ ಅಳಿಸಿಹೋಗಬೇಕಲ್ಲ? ಹೋಗುವುದಿಲ್ಲ. ಎರಡನೆಯ ಸುರುಳಿಯ ಕಡೆ ಅಯಸ್ಕಾಂತದ ಧ್ರುವವೂ ತಿರುವು. ಋಣಕ್ಕೆ ಋಣ ಗುಣಿಸಿದರೆ ಧನ ಎಂದು ಶಾಲೆಯಲ್ಲಿ ಕಲಿತದ್ದೇ ಇಲ್ಲಿ ನಡೆಯುತ್ತದೆ: ತಂತಿಯ ದನಿ ಎರಡೂ ಕಡೆಯಿಂದ ಕೂಡಿ ದೊಡ್ಡದಾಗುತ್ತದೆ. 1955ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿ, 1957ರಿಂದ ಗಿಟಾರುಗಳಲ್ಲಿ ಹಾಕತೊಡಗಿದರು. ಆ ವರ್ಷಗಳಲ್ಲಿ ಪಿಕಪ್ಪಿನ ಅಡಿಯಲ್ಲಿ ‘ಪೇಟೆಂಟ್ ಅಪ್ಲೈಡ್ ಫಾರ್’ ಎಂಬ ಚೀಟಿ ಇರುತ್ತಿತ್ತು. ಇವತ್ತಿಗೂ ಆ ಹಳೆಯ, ಮಧ್ಯಮ ಶಕ್ತಿಯ ಹಂಬಕರನ್ನು ‘ಪಿಎಎಫ್’ ಎಂದೇ ಕರೆಯುತ್ತಾರೆ. ಮುಂದೆ ಈ ಹೆಸರು ಮತ್ತೆ ಬರುತ್ತದೆ.

ಕುದುರೆಯ ಪಕ್ಕದ ಪಿಕಪ್ಪೇ ಯಾಕೆ

ಬ್ರಿಡ್ಜ್ ಎಂದರೆ ನಮ್ಮ ತಂಬೂರಿಯಲ್ಲಿ ಕುದುರೆ ಎನ್ನುತ್ತೇವಲ್ಲ, ಅದೇ. ತಂತಿ ಬಂದು ಕೂರುವ ಜಾಗ. ಕುದುರೆಯ ಬಳಿ ಕೂದಲೆಳೆಯಷ್ಟು ಬದಲಾದರೂ ದನಿ ಬದಲಾಗುತ್ತದೆ ಎಂಬುದು ಧಾರವಾಡದ ಸಂಗೀತದ ಮನೆಗಳಲ್ಲಿ ಯಾರಿಗೂ ಹೊಸದಲ್ಲ. ತಂತಿಯ ಕೆಳಗೆ ದಾರದ ಎಳೆಯನ್ನು ಆಚೀಚೆ ಸರಿಸಿ ತಂಬೂರಿಯ ಜವಾರಿ ಕೂಡಿಸುವುದನ್ನು ನೋಡುತ್ತ ಬೆಳೆದವರು ಅವರು.

ಹಗ್ಗದ ಒಂದು ತುದಿಯನ್ನು ಕಂಬಕ್ಕೆ ಕಟ್ಟಿ ಇನ್ನೊಂದು ತುದಿ ಹಿಡಿದು ಅಲ್ಲಾಡಿಸಿ. ನಡುವೆ ದೊಡ್ಡ ಅಲೆ, ಕಂಬದ ಹತ್ತಿರ ಸಣ್ಣ ಕಂಪನ. ಗಿಟಾರಿನ ತಂತಿಯೂ ಹೀಗೇ. ಕತ್ತಿನ ಕಡೆಯ ನೆಕ್ ಪಿಕಪ್ಪಿನ ಮೇಲೆ ತಂತಿ ಅಗಲವಾಗಿ ತೂಗುತ್ತದೆ, ಅಲ್ಲಿ ಮೂಲ ಸ್ವರ ದುಂಡಗೆ, ತುಂಬಿಕೊಂಡು ಬರುತ್ತದೆ. ಕುದುರೆಯ ಬಳಿ ಅಲುಗಾಟ ಕಡಿಮೆ, ಅದರಲ್ಲಿ ಮೇಲಿನ ಸ್ವರಾಂಶಗಳ ಪಾಲು ಹೆಚ್ಚು. ಆದ್ದರಿಂದ ಅಲ್ಲಿಯ ದನಿಗೆ ಮೊನೆ ಇರುತ್ತದೆ. ರಿಫ್ (ಮತ್ತೆ ಮತ್ತೆ ಬರುವ ಪುಟ್ಟ ಸ್ವರಗುಚ್ಛ) ಬಾರಿಸುವವರು, ಅಂಗೈಯಂಚನ್ನು ತಂತಿಗೆ ತಾಗಿಸಿ ‘ಜಗ್ ಜಗ್’ ಎಂದು ಪಾಮ್ ಮ್ಯೂಟ್ ಮಾಡುವವರು ಸ್ವಿಚ್ಚನ್ನು ಈ ಕಡೆ ತಳ್ಳುವುದು ಇದಕ್ಕಾಗಿ. ಅಲುಗಾಟವೇ ಕಡಿಮೆ ಇರುವ ಕಾರಣ ಕಂಪನಿಯವರು ಬ್ರಿಡ್ಜ್ ಪಿಕಪ್ಪಿಗೆ ಒಂದಿಷ್ಟು ಹೆಚ್ಚು ಸುತ್ತು ಹಾಕುತ್ತಾರೆ.

‘ಖಡಕ್’ ಅಂದರೆ ಕಿವಿಗೆ ಏನು

ಜಾತ್ರೆಯಲ್ಲಿ ಮೈಕನ್ನು ಬಾಯಿಗೊತ್ತಿ ಕೂಗಿದರೆ ಹಾರ್ನಿನಲ್ಲಿ ದನಿ ಒಡೆಯುತ್ತದೆ. ತಾನು ಹೊರಲಾರದಷ್ಟು ದೊಡ್ಡ ಅಲೆ ಬಂದಾಗ ಆಂಪ್ ಅದರ ನೆತ್ತಿಯನ್ನು ಕತ್ತರಿಸುತ್ತದೆ. ಕತ್ತರಿಸಿದ ಅಲೆಯಲ್ಲಿ ಮೊದಲಿಲ್ಲದ ಹೊಸ ಸ್ವರಾಂಶಗಳು ಹುಟ್ಟುತ್ತವೆ. ಗಿಟಾರಿನ ಡಿಸ್ಟಾರ್ಷನ್ನು ಇದನ್ನೇ ಬೇಕೆಂದು, ಹದವಾಗಿ ಮಾಡುವುದು. ಪಿಕಪ್ ಹೆಚ್ಚು ವೋಲ್ಟೇಜು ಕೊಟ್ಟಷ್ಟೂ ನೆತ್ತಿ ಬೇಗ ಕತ್ತರಿಸುತ್ತದೆ.

ಇಷ್ಟು ಕೇಳಿದವರು "ಹಂಗಾದ್ರ ಹೆಚ್ಚು ವೋಲ್ಟೇಜಿಂದ ಹಾಕಿದ್ರ ಮುಗೀತಲ್ರಿ" ಅನ್ನುತ್ತಾರೆ. ಇಲ್ಲೇ ತಪ್ಪು ಶುರುವಾಗುವುದು. ನೆತ್ತಿ ಅತಿಯಾಗಿ ಕತ್ತರಿಸಿದಾಗ ಮೆಲ್ಲಗೆ ಬಾರಿಸಿದ್ದೂ ಜೋರಾಗಿ ಬಾರಿಸಿದ್ದೂ ಒಂದೇ ಎತ್ತರಕ್ಕೆ ಬಂದು ನಿಲ್ಲುತ್ತವೆ. ಬೆರಳಿನ ಏಟು ಕಾಣೆಯಾಗುತ್ತದೆ, ಕೆಳಗಿನ ಸ್ವರಗಳು ಒಂದರೊಳಗೊಂದು ಕಲಸಿ ಅಂಬಲಿಯಾಗುತ್ತವೆ. ಖಡಕ್ ರೊಟ್ಟಿ ಮುರಿದಾಗ ‘ಟಪ್’ ಎನ್ನಬೇಕು. ಅದೇ ಜೋಳದ ಹಿಟ್ಟಿನ ಮೆತ್ತನೆಯ ರೊಟ್ಟಿ ಎಷ್ಟು ದೊಡ್ಡದಿದ್ದರೂ ಆ ಸದ್ದು ಬರುವುದಿಲ್ಲ.

ನಾನು ಖಡಕ್ ದನಿಯನ್ನು ಮೂರು ಭಾಗ ಮಾಡಿ ಕೇಳುತ್ತೇನೆ. ಒಂದು ಜೋರು: ಪಿಕಪ್ ಆಂಪನ್ನು ಎಷ್ಟು ತಳ್ಳುತ್ತದೆ. ಎರಡನೆಯದು ಬಿಗಿ: ದಪ್ಪ ತಂತಿಯ ಏಟು ಬಿದ್ದು ತಕ್ಷಣ ನಿಲ್ಲುತ್ತದೋ, ಇಲ್ಲವೇ ಜೋತಾಡುತ್ತದೋ. ಮೂರನೆಯದು ಅಂಚು: ಎರಡರಿಂದ ನಾಲ್ಕು ಸಾವಿರ ಹರ್ಟ್ಜಿನ ನಡುವಿನ ಭಾಗ. ಮನುಷ್ಯನ ಕಿವಿ ಅತಿ ಚುರುಕಾಗಿರುವುದು ಆ ಪಟ್ಟಿಯಲ್ಲೇ. ಡ್ರಮ್ಮು, ಬಾಸು ಎಲ್ಲ ಗದ್ದಲದ ನಡುವೆಯೂ ಗಿಟಾರ್ ಎದ್ದು ಕೇಳಬೇಕಾದರೆ ಅಂಚು ಬೇಕು. ನಿಮ್ಮ ಗಿಟಾರಿನಲ್ಲಿ ಈ ಮೂರರಲ್ಲಿ ಯಾವುದು ಕಡಿಮೆ ಎಂದು ಹೇಳಬಲ್ಲಿರಾದರೆ ಪಿಕಪ್ ಆರಿಸುವ ಕೆಲಸ ಅರ್ಧ ಮುಗಿದಂತೆ.

ಕಿಲೋಓಮ್ ಮತ್ತು ಬ್ಯಾಡಗಿ ಮೆಣಸಿನಕಾಯಿ

ಪಿಕಪ್ಪಿನ ಪೆಟ್ಟಿಗೆಯ ಮೇಲೆ, ಮಾರಾಟದ ಪುಟದಲ್ಲಿ ದೊಡ್ಡದಾಗಿ ಕಾಣುವ ಸಂಖ್ಯೆ ಡಿಸಿ ರೆಸಿಸ್ಟೆನ್ಸ್: 8 ಕಿಲೋಓಮ್, 14 ಕಿಲೋಓಮ್, 16 ಕಿಲೋಓಮ್. ಸುರುಳಿಯ ತಂತಿ ಕರೆಂಟಿಗೆ ಎಷ್ಟು ಅಡ್ಡಿ ಮಾಡುತ್ತದೆ ಎಂಬ ಅಳತೆ ಅದು. ಸುತ್ತು ಹೆಚ್ಚಿದರೆ ತಂತಿ ಉದ್ದ, ತಂತಿ ಉದ್ದವಾದರೆ ಓಮ್ ಹೆಚ್ಚು. ಹೀಗಾಗಿ ಓಮ್ ದೊಡ್ಡದಾದಷ್ಟೂ ಪಿಕಪ್ ಜೋರು ಎಂಬ ನಂಬಿಕೆ ಹಬ್ಬಿಬಿಟ್ಟಿದೆ.

ಹಾವೇರಿ ಜಿಲ್ಲೆಯವರಿಗೆ ಇದನ್ನು ಒಂದೇ ಮಾತಿನಲ್ಲಿ ವಿವರಿಸಬಹುದು. ಬ್ಯಾಡಗಿ ಮೆಣಸಿನಕಾಯಿ ಕಡುಕೆಂಪು, ಖಾರ ಕಡಿಮೆ. ಗುಂಟೂರಿನದು ಅಷ್ಟು ಕೆಂಪಿಲ್ಲದಿದ್ದರೂ ನಾಲಗೆ ಸುಡುತ್ತದೆ. ಬಣ್ಣ ನೋಡಿ ಖಾರ ಅಳೆಯಲು ಹೋದವರು ಮೋಸ ಹೋಗುತ್ತಾರೆ. ಓಮ್ ಎಂಬುದು ಪಿಕಪ್ಪಿನ ಬಣ್ಣದಂತೆ.

ಯಾಕೆಂದು ನೋಡೋಣ. 42ರ ಬದಲು ಇನ್ನೂ ಸಪೂರವಾದ 43 ಗೇಜಿನ ತಂತಿ (0.056 ಮಿಲಿಮೀಟರ್) ಬಳಸಿದರೆ, ಸುತ್ತು ಒಂದೂ ಹೆಚ್ಚಾಗದೆ ಓಮ್ ಕಾಲು ಭಾಗದಷ್ಟು ಏರುತ್ತದೆ. ಸಣ್ಣ ಕೊಳವೆಯಲ್ಲಿ ನೀರು ಕಷ್ಟದಿಂದ ಹರಿದಂತೆ. ಅಷ್ಟರಿಂದ ದನಿ ಜೋರಾಗುವುದಿಲ್ಲ. ಇನ್ನು ಅಯಸ್ಕಾಂತದ ಬಲವಂತೂ ಈ ಅಳತೆಯಲ್ಲಿ ಎಲ್ಲೂ ಕಾಣುವುದೇ ಇಲ್ಲ.

ಎರಡು ನಿಜವಾದ ಪಿಕಪ್ಪುಗಳನ್ನು ನೋಡಿ. ಸೀಮೋರ್ ಡಂಕನ್ ಕಂಪನಿಯ ಜೆಬಿ ಮತ್ತು ಅದೇ ಕಂಪನಿಯ ಡಿಸ್ಟಾರ್ಷನ್, ಎರಡೂ 16 ಕಿಲೋಓಮ್‌ಗಿಂತ ತುಸು ಮೇಲೆ. ಜೆಬಿಯಲ್ಲಿರುವುದು ಆಲ್ನಿಕೊ 5 ಅಯಸ್ಕಾಂತ, ಡಿಸ್ಟಾರ್ಷನ್ನಿನಲ್ಲಿ ಸೆರಾಮಿಕ್. ಅಕ್ಕಪಕ್ಕ ಬಾರಿಸಿದರೆ ಯಾರಿಗೂ ಒಂದೇ ಪಿಕಪ್ ಅನ್ನಿಸುವುದಿಲ್ಲ. ಇನ್ನೊಂದು ಕಡೆ, ಬದಲಿ ಪಿಕಪ್ ಎಂಬ ವ್ಯಾಪಾರಕ್ಕೇ ನಾಂದಿ ಹಾಡಿದ ಲ್ಯಾರಿ ಡಿಮಾರ್ಜಿಯೊ ಅವರ 1972ರ ಸೂಪರ್ ಡಿಸ್ಟಾರ್ಷನ್ ಹೆಚ್ಚುಕಡಿಮೆ 13.7 ಕಿಲೋಓಮಿನದು. ಸಂಖ್ಯೆ ಕಡಿಮೆ, ಆದರೆ ಜೋರಿನಲ್ಲಿ ಅದು 16ರವರ ಹಿಂದೆ ನಿಲ್ಲುವುದಿಲ್ಲ.

ಮನೆಯಲ್ಲೇ ಮಲ್ಟಿಮೀಟರ್ ಹಿಡಿದು ಅಳೆಯುವವರಿಗೆ ಇನ್ನೊಂದು ಮಾತು. ತಾಮ್ರದ ಅಡ್ಡಿ ಪ್ರತಿ ಡಿಗ್ರಿ ಸೆಲ್ಸಿಯಸ್‌ಗೆ ಸುಮಾರು 0.39 ಶೇಕಡಾ ಏರುತ್ತದೆ. 20 ಡಿಗ್ರಿಯಲ್ಲಿ 16 ಕಿಲೋಓಮ್ ತೋರಿದ ಪಿಕಪ್, ಹುಬ್ಬಳ್ಳಿಯ ಏಪ್ರಿಲ್ ಮಧ್ಯಾಹ್ನ 38 ಡಿಗ್ರಿಯಲ್ಲಿ 17.1 ತೋರಿಸುತ್ತದೆ. ಅದೇ ಪಿಕಪ್, ಅದೇ ದನಿ. ಗಿಟಾರಿನಿಂದ ಬಿಚ್ಚದೆ ಜ್ಯಾಕಿನಲ್ಲಿ ಅಳೆದರೆ ವಾಲ್ಯೂಮ್ ಪಾಟ್ (ದನಿ ಏರಿಳಿಸುವ ಗುಂಡಿಯ ಅಡಿಯ ಭಾಗ) ಕೂಡ ಜೊತೆಗಿರುವುದರಿಂದ 16 ಇದ್ದದ್ದು 15.5 ಕಾಣುತ್ತದೆ. ಅರ್ಧ ಕಿಲೋಓಮ್ ಹೆಚ್ಚುಕಡಿಮೆ ಬಂತೆಂದು ಮಾರಿದವರ ಜೊತೆ ಜಗಳಕ್ಕೆ ನಿಲ್ಲುವ ಮುನ್ನ ಇದನ್ನು ನೆನೆಯಿರಿ.

ನಾನು ಮೊದಲ ಸಲ ಪಿಕಪ್ ಬದಲಿಸಿದಾಗ ನೋಡಿದ್ದು ಓಮ್ ಒಂದನ್ನೇ. ಕೈಗೆಟುಕಿದ್ದರಲ್ಲಿ ಅತಿ ದೊಡ್ಡ ಸಂಖ್ಯೆಯದನ್ನು ತಂದು, ಮೊದಲೇ ಮಂದ ದನಿಯಿದ್ದ ನನ್ನ ಗಿಟಾರಿಗೆ ಹಾಕಿಸಿದೆ. ಮನೆಯಲ್ಲಿ ಒಬ್ಬನೇ ಬಾರಿಸುವಾಗ ಭಾರಿ ಎನಿಸಿತು. ಬ್ಯಾಂಡಿನ ಜೊತೆ ನಿಂತಾಗ ಗಿಟಾರ್ ಎಲ್ಲಿದೆ ಎಂದೇ ತಿಳಿಯಲಿಲ್ಲ, ಗಂಟಲು ಕಟ್ಟಿದವರು ಕೂಗಿದಂತೆ. ಆ ದುಡ್ಡು ಕೂಡಿಸಲು ನನಗೆ ಒಂದು ವರ್ಷ ಹಿಡಿದಿತ್ತು. ಇಷ್ಟು ವಿಸ್ತಾರವಾಗಿ ಬರೆಯುತ್ತಿರುವುದು ಅದಕ್ಕೇ.

ಕೊಡ ಗುಂಯ್ ಎನ್ನುವ ಜಾಗ

ಹಾಗಾದರೆ ನೋಡಬೇಕಾದ್ದು ಯಾವುದನ್ನು? ಕಂಪನಿ ಕೊಟ್ಟಿದ್ದರೆ ಇಂಡಕ್ಟೆನ್ಸ್ ಎಂಬ ಸಂಖ್ಯೆಯನ್ನು. ಅದನ್ನು ಹೆನ್ರಿ ಎಂಬ ಮಾನದಲ್ಲಿ ಹೇಳುತ್ತಾರೆ. ಹೆಸರು ಅಪರಿಚಿತ, ವಿಷಯ ಸರಳ.

ಖಾಲಿ ಕೊಡದ ಬಾಯಿಗೆ ಮುಖವಿಟ್ಟು ದನಿ ಏರಿಸುತ್ತ ಹೋಗಿ. ಯಾವುದೋ ಒಂದು ಸ್ವರಕ್ಕೆ ಕೊಡವೇ ಗುಂಯ್ ಎಂದು ದನಿಗೂಡಿಸುತ್ತದೆ. ದೊಡ್ಡ ಕೊಡ ಕೆಳಗಿನ ಸ್ವರಕ್ಕೆ, ಸಣ್ಣ ತಂಬಿಗೆ ಮೇಲಿನ ಸ್ವರಕ್ಕೆ. ಪಿಕಪ್ಪಿಗೂ ಇಂಥ ಒಂದು ಮೆಚ್ಚಿನ ಜಾಗ ಇದೆ. ಅಲ್ಲಿಯ ಸ್ವರಾಂಶಗಳನ್ನು ಎತ್ತಿಹಿಡಿಯುತ್ತದೆ, ಅದರಿಂದ ಮೇಲಿನವನ್ನು ಬಿಟ್ಟುಬಿಡುತ್ತದೆ. ಸುತ್ತು ಹೆಚ್ಚಾದಂತೆ ಇಂಡಕ್ಟೆನ್ಸ್ ಏರುತ್ತದೆ, ಅಂದರೆ ಕೊಡ ದೊಡ್ಡದಾಗುತ್ತದೆ, ಆ ಜಾಗ ಕೆಳಗಿಳಿಯುತ್ತದೆ.

ಲೆಕ್ಕ ಹಾಕಿದರೆ ಚಿತ್ರ ಸ್ಪಷ್ಟವಾಗುತ್ತದೆ. ಪಿಕಪ್ಪಿನದೂ ಐದಾರು ಮೀಟರ್ ಕೇಬಲ್ಲಿನದೂ ಸೇರಿ ಕೆಪಾಸಿಟೆನ್ಸ್ (ವಿದ್ಯುತ್ತನ್ನು ತುಸು ಹಿಡಿದಿಡುವ ಗುಣ) 600 ಪೈಕೋಫ್ಯಾರಡ್ ಎಂದಿಟ್ಟುಕೊಳ್ಳಿ. ಹಳೆಯ ಪಿಎಎಫ್ ಬಗೆಯ, 4.4 ಹೆನ್ರಿಯ ಪಿಕಪ್ ಆದರೆ ಆ ಮೆಚ್ಚಿನ ಜಾಗದ ಶಿಖರ ಹತ್ತಿರ ಹತ್ತಿರ 3,100 ಹರ್ಟ್ಜಿನಲ್ಲಿ. 8.5 ಹೆನ್ರಿಯ ಜೋರಾದ ಪಿಕಪ್ ಆದರೆ 2,200ರಲ್ಲಿ. ಮೊದಲನೆಯದರಲ್ಲಿ ಅಂಚು ಗಾಜಿನಂತೆ ಚೂಪು, ಎರಡನೆಯದರಲ್ಲಿ ನಡುದನಿ ದಪ್ಪ, ಮೇಲೆ ಮಸುಕು. ನನ್ನ ಗಿಟಾರಿಗೆ ಆಗಿದ್ದು ಇದೇ: ಜೋರಿಗೆಂದು ಸುತ್ತು ಹೆಚ್ಚಿಸಿಕೊಂಡೆ, ಅದರ ಬೆಲೆಯಾಗಿ ಅಂಚು ಹೋಯಿತು. (ಕೇಬಲ್ ಉದ್ದವಾದಷ್ಟೂ ಶಿಖರ ಇನ್ನೂ ಇಳಿಯುತ್ತದೆ. ಹತ್ತು ಮೀಟರಿನ ಕೇಬಲ್ಲು ಎಳೆದುಕೊಂಡು ಬಾರಿಸುವವರು ಮೂರು ಮೀಟರಿನದನ್ನು ಒಮ್ಮೆ ಹಾಕಿ ಕೇಳಬೇಕು.)

ಅಯಸ್ಕಾಂತದ ಜಾತಿ

ಆಲ್ನಿಕೊ ಎಂದರೆ ಅಲ್ಯೂಮಿನಿಯಂ, ನಿಕ್ಕಲ್, ಕೋಬಾಲ್ಟುಗಳನ್ನು ಕಬ್ಬಿಣದೊಡನೆ ಬೆರೆಸಿದ ಲೋಹ. ಅದರಲ್ಲಿ 2ನೇ ನಂಬರಿನದು ಮೃದು, 5ನೇದು ಬಲವಾದದ್ದು, ಅತಿ ಹೆಚ್ಚು ಬಳಕೆಯಲ್ಲಿರುವುದು ಅದೇ. ಸೆರಾಮಿಕ್ ಎಂಬುದು ಫೆರೈಟ್, ಹಳೆಯ ಸ್ಪೀಕರಿನ ಹಿಂದೆ ಕಪ್ಪು ಬಳೆಯಂತೆ ಅಂಟಿಕೊಂಡಿರುತ್ತದಲ್ಲ, ಆ ಜಾತಿಯದು. ಅಗ್ಗ, ಆದರೆ ಬಲ ಹೆಚ್ಚು. ಅಗ್ಗವೆಂಬ ಕಾರಣಕ್ಕೆ ಸೆರಾಮಿಕ್ ಕೀಳು ಎನ್ನುವವರಿದ್ದಾರೆ. ಖಡಕ್ ದನಿಯ ಮಟ್ಟಿಗೆ ಆ ಮಾತು ನಿಲ್ಲುವುದಿಲ್ಲ, ಬೆಲೆಬಾಳುವ ಹೆಸರಾಂತ ಜೋರು ಪಿಕಪ್ಪುಗಳಲ್ಲಿ ಬಹಳಷ್ಟು ಸೆರಾಮಿಕ್ಕೇ.

ಸೆರಾಮಿಕ್ ಹಾಕಿದಾಗ ಸಾಮಾನ್ಯವಾಗಿ ಕೆಳದನಿ ಬಿಗಿಯಾಗಿ, ಅಂಚು ಚೂಪಾಗಿ ಕೇಳುತ್ತದೆ. ಕಾರಣದಲ್ಲಿ ಒಂದು ಭಾಗ ಇದು: ಆಲ್ನಿಕೊ ಲೋಹವಾದ್ದರಿಂದ ಹಂಬಕರಿನ ಇಂಡಕ್ಟೆನ್ಸನ್ನು ತುಸು ಏರಿಸುತ್ತದೆ, ಫೆರೈಟ್ ಹಾಗೆ ಏರಿಸುವುದಿಲ್ಲ. ಸುತ್ತು ಹೆಚ್ಚಿಸದೆ ಬಲ ಹೆಚ್ಚಿಸುವ ದಾರಿ ಸಿಕ್ಕಂತಾಯಿತು. ಬಹುತೇಕ ಹಂಬಕರುಗಳಲ್ಲಿ ಅಡಿಯ ನಾಲ್ಕು ಸ್ಕ್ರೂ ಬಿಚ್ಚಿದರೆ ಅಯಸ್ಕಾಂತದ ಪಟ್ಟಿಯನ್ನಷ್ಟೇ ಸರಿಸಿ ಬದಲಿಸಬಹುದು. ಕೈ ಪಳಗಿದವರಿಗೆ ಇದು ಪಿಕಪ್ ಕೊಳ್ಳುವುದಕ್ಕಿಂತ ಎಷ್ಟೋ ಅಗ್ಗದ ದಾರಿ.

ಬ್ಯಾಟರಿ ಬೇಡುವ ಪಿಕಪ್

ಇಎಂಜಿ 81ರಂಥವು ಆಕ್ಟಿವ್ ಪಿಕಪ್ಪುಗಳು. ಸುರುಳಿಯಲ್ಲಿ ಸುತ್ತು ಕಡಿಮೆ, ಒಳಗೇ ಒಂದು ಪುಟ್ಟ ಆಂಪು, ಅದಕ್ಕೆ 9 ವೋಲ್ಟಿನ ಬ್ಯಾಟರಿ. ಬ್ಯಾಟರಿ ಸಾವಿರ ಗಂಟೆಗೂ ಹೆಚ್ಚು ಬರುತ್ತದೆ, ಆದರೆ ಬಾರಿಸಿದ ಮೇಲೆ ಕೇಬಲ್ ಕಿತ್ತಿಡಬೇಕು. ಜ್ಯಾಕಿಗೆ ಕೇಬಲ್ ಚುಚ್ಚಿರುವ ತನಕ ಬ್ಯಾಟರಿ ಖರ್ಚಾಗುತ್ತಲೇ ಇರುತ್ತದೆ. ಗುಂಯ್ ಬಹಳ ಕಡಿಮೆ, ಕೇಬಲ್ಲಿನ ಉದ್ದ ದನಿಯನ್ನು ಬಾಧಿಸುವುದಿಲ್ಲ, ಏಟು ಬಿಗಿ. ಮೆಟಲ್ ಬಾರಿಸುವವರು ಇದನ್ನು ಇಷ್ಟಪಡುವುದು ಇದಕ್ಕಾಗಿ. ತೊಡಕು ಏನೆಂದರೆ ಪಾಟುಗಳೂ ಬದಲಾಗಬೇಕು (500ರ ಬದಲು 25 ಕಿಲೋಓಮಿನವು), ಬ್ಯಾಟರಿಗೆ ಒಳಗೆ ಜಾಗ ಬೇಕು, ನೆಕ್ ಪಿಕಪ್ಪೂ ಅದೇ ಬಗೆಯದಾದರೆ ಒಳಿತು. ಒಂದನ್ನೇ ಬದಲಿಸುವ ಯೋಚನೆಯಿದ್ದವರಿಗೆ ನಾನು ಇದನ್ನು ಮೊದಲ ಆಯ್ಕೆಯಾಗಿ ಹೇಳುವುದಿಲ್ಲ.

ದುಡ್ಡು ಕೊಡುವ ಮೊದಲು ಒಂದು ಸಂಜೆ

ನನ್ನ ಬಳಿ ಬಂದ ಗಿಟಾರುಗಳಲ್ಲಿ ಎಷ್ಟೋ ಪಿಕಪ್ ಬದಲಿಸದೆಯೇ ಸರಿಹೋಗಿವೆ. ಮೊದಲು ತಂತಿ ಬದಲಿಸಿ. ಬೆವರು, ಧೂಳು ಹತ್ತಿ ಕಪ್ಪಾದ ತಂತಿಯಲ್ಲಿ ಅಂಚೇ ಇರುವುದಿಲ್ಲ, ಯಾವ ಪಿಕಪ್ಪೂ ಅದನ್ನು ಹುಟ್ಟಿಸಲಾರದು.

ಆಮೇಲೆ ಎತ್ತರ. ಪಿಕಪ್ಪಿನ ಎರಡೂ ಬದಿಗೆ ಒಂದೊಂದು ಸ್ಕ್ರೂ ಇರುತ್ತದೆ. ತಂತಿಯನ್ನು ಕೊನೆಯ ಫ್ರೆಟ್ಟಿನಲ್ಲಿ ಒತ್ತಿ ಹಿಡಿದು ತಂತಿಯ ಅಡಿಗೂ ಪಿಕಪ್ಪಿನ ಧ್ರುವಕ್ಕೂ (ತಂತಿಯಡಿ ಕಾಣುವ ಲೋಹದ ಬೊಟ್ಟಿಗೂ) ನಡುವಿನ ಸಂದು ಅಳೆಯಿರಿ. ಬ್ರಿಡ್ಜ್ ಹಂಬಕರಿಗೆ ಒಂದೂವರೆಯಿಂದ ಎರಡು ಮಿಲಿಮೀಟರ್ ಒಳ್ಳೆಯ ಆರಂಭ. ಐದಾರು ಮಿಲಿಮೀಟರ್ ಕೆಳಗೆ ಮುಳುಗಿರುವ ಪಿಕಪ್ಪುಗಳನ್ನು ನಾನು ಕಂಡಿದ್ದೇನೆ. ಕಾಲು ಸುತ್ತು ತಿರುಗಿಸಿ, ಬಾರಿಸಿ, ಮತ್ತೆ ಕಾಲು ಸುತ್ತು. ದಪ್ಪ ತಂತಿಯ ಕಡೆ ತುಸು ತಗ್ಗಿಸಿ, ಸಣ್ಣ ತಂತಿಯ ಕಡೆ ಏರಿಸಿದರೆ ಬಿಗಿ ಹೆಚ್ಚುತ್ತದೆ. ಸಿಂಗಲ್ ಕಾಯಿಲ್ ಆದರೆ ಬಹಳ ಹತ್ತಿರ ತರಬೇಡಿ. ಅದರ ಅಯಸ್ಕಾಂತ ತಂತಿಯನ್ನೇ ಎಳೆದು ಸ್ವರ ಅಪಸ್ವರವಾಗುತ್ತದೆ.

ಹಿಂಬದಿಯ ಮುಚ್ಚಳ ತೆಗೆದು ವಾಲ್ಯೂಮ್ ಪಾಟಿನ ಮೇಲೆ ಏನು ಬರೆದಿದೆ ನೋಡಿ. ಹಂಬಕರಿಗೆ 500 ಕಿಲೋಓಮಿನದು ವಾಡಿಕೆ. 250 ಇದ್ದರೆ ಅಂಚಿನ ಒಂದು ಪಾಲು ಅಲ್ಲೇ ನೆಲಕ್ಕೆ (ಗ್ರೌಂಡಿಗೆ) ಸೋರಿಹೋಗುತ್ತಿದೆ. ಪಾಟಿನ ಬೆಲೆ ಪಿಕಪ್ಪಿನದರ ಎದುರು ಏನೂ ಅಲ್ಲ.

ಬಿಗಿಯೇ ನಿಮ್ಮ ಕೊರತೆಯಾದರೆ, ಡಿಸ್ಟಾರ್ಷನ್ನಿಗಿಂತ ಮೊದಲು ಟ್ಯೂಬ್ ಸ್ಕ್ರೀಮರ್ ಬಗೆಯ ಓವರ್‌ಡ್ರೈವ್ ಪೆಡಲೊಂದನ್ನು ಗೆಳೆಯರಿಂದ ಎರವಲು ತಂದು ಹಾಕಿ. ಡ್ರೈವ್ ಸೊನ್ನೆಗೆ, ಲೆವೆಲ್ ಪೂರ್ತಿ. ಆ ಪೆಡಲಿನ ಮಂಡಲ ಸುಮಾರು 720 ಹರ್ಟ್ಜಿನ ಕೆಳಗಿನ ದನಿಯನ್ನು ತಗ್ಗಿಸಿ ಉಳಿದದ್ದನ್ನು ಮುಂದೆ ತಳ್ಳುತ್ತದೆ. ಅಂಬಲಿಯಂತಿದ್ದ ರಿಫ್ ಒಮ್ಮೆಲೇ ಗಟ್ಟಿಯಾಗುತ್ತದೆ.

ಇಷ್ಟಾಗಿಯೂ ಸಪ್ಪೆಯಾದರೆ ಪಿಕಪ್ ಬದಲಿಸುವುದಕ್ಕೆ ಅರ್ಥವಿದೆ.

ಹಾಗಾದರೆ ಯಾವುದು

ಗಿಟಾರ್ ಮಂದ ದನಿಯದು, ಬ್ಯಾಂಡಿನಲ್ಲಿ ಮುಳುಗಿಹೋಗುತ್ತದೆ ಅನ್ನುವವರು ಸೆರಾಮಿಕ್ ಕಡೆ ನೋಡಿ. ಡಂಕನ್ ಕಸ್ಟಮ್ 14 ಕಿಲೋಓಮ್ ಆಸುಪಾಸಿನದು, ಸೆರಾಮಿಕ್. ಜೋರು ಮಧ್ಯಮಕ್ಕಿಂತ ಮೇಲೆ, ಬಿಗಿ ಚೆನ್ನಾಗಿದೆ. ಇನ್ನೂ ರೌದ್ರ ಬೇಕೆಂದರೆ ಅದೇ ಕಂಪನಿಯ ಡಿಸ್ಟಾರ್ಷನ್. ಗಿಟಾರ್ ಮೊದಲೇ ಚೂಪು, ತೆಳು, ಕಿವಿಗೆ ಚುಚ್ಚುತ್ತದೆ ಅನ್ನುವವರಿಗೆ ಜೆಬಿಯ ಎತ್ತಿದ ನಡುದನಿ ಇಲ್ಲವೇ ಸೂಪರ್ ಡಿಸ್ಟಾರ್ಷನ್ನಿನ ದಪ್ಪ ಕೂಡಿಬರುತ್ತದೆ. ಚೂಪು ಗಿಟಾರಿಗೆ ಚೂಪು ಪಿಕಪ್ ಹಾಕಿದರೆ ಮಿರ್ಚಿ ಭಜಿಯ ಮೇಲೆ ಹಸಿಮೆಣಸು ಕಡಿದಂತಾಗುತ್ತದೆ.

ಆಂಪಿನಲ್ಲೋ ಪೆಡಲಿನಲ್ಲೋ ಡಿಸ್ಟಾರ್ಷನ್ ಬೇಕಾದಷ್ಟಿದೆ, ದನಿ ಮಾತ್ರ ಕಲಸಿಹೋಗುತ್ತದೆ ಅನ್ನುವವರಿಗೆ ನನ್ನ ಸಲಹೆ ಕೇಳಿದ ಕೂಡಲೇ ಒಪ್ಪಿಗೆಯಾಗುವುದಿಲ್ಲ: ಜೋರು ಕಡಿಮೆ ಇರುವುದನ್ನು ಹಾಕಿ. 8 ಕಿಲೋಓಮಿನ ಪಿಎಎಫ್ ಬಗೆಯದು, ಡಂಕನ್ 59ರಂಥದು. 1978ರಲ್ಲಿ ಮೊದಲ ಆಲ್ಬಮ್ ತಂದ ರಾಕ್ ಗಿಟಾರಿಸ್ಟ್ ಎಡ್ಡಿ ವ್ಯಾನ್ ಹೇಲೆನ್ ಕೈಯಾರೆ ಜೋಡಿಸಿಕೊಂಡ ಗಿಟಾರಿನ ಬ್ರಿಡ್ಜಿನಲ್ಲಿದ್ದದ್ದು ಹಳೆಯ ಗಿಬ್ಸನ್ ಗಿಟಾರಿನಿಂದ ಬಿಚ್ಚಿದ ಅಂಥದೇ ಹಂಬಕರ್. ಆರ್ಭಟ ಆಂಪಿನಿಂದ ಬಂತು, ಸ್ಪಷ್ಟತೆ ಪಿಕಪ್ಪಿನಿಂದ. ಜೋರು ಏರಿಸಿದಾಗ ಪಿಕಪ್ಪಿನ ಸುರುಳಿ ತಾನೇ ಕಂಪಿಸಿ ಕಿರುಚದಿರಲಿ ಎಂದು ಅವರು ಅದನ್ನು ಕರಗಿದ ಮೇಣದಲ್ಲಿ ಅದ್ದಿದ್ದರು. ಈಗ ಕಂಪನಿಗಳೇ ಮೇಣ ತುಂಬಿಸಿ ಕೊಡುತ್ತವೆ. ತೀರ ಅಗ್ಗದ ಪಿಕಪ್ ಕೊಳ್ಳುವಾಗ ಇದೊಂದನ್ನು ಕೇಳಿ ತಿಳಿಯಿರಿ.

ಅಳತೆ, ಬಣ್ಣ, ಬೆಸುಗೆ

ಕುದುರೆಯ ಹತ್ತಿರ ಮೊದಲ ತಂತಿಯಿಂದ ಆರನೆಯ ತಂತಿಯ ತನಕ ಅಳೆಯಿರಿ. ಗಿಬ್ಸನ್ ಬಗೆಯ ಗಿಟಾರಿನಲ್ಲಿ 50 ಮಿಲಿಮೀಟರ್ ಸುಮಾರು ಬರುತ್ತದೆ, ಟ್ರೆಮೊಲೊ (ಸ್ವರ ಬಾಗಿಸುವ ಕೋಲು) ಇರುವ, ಫೆಂಡರ್ ಸ್ಟ್ರಾಟೊಕ್ಯಾಸ್ಟರ್ ಅಂದರೆ ಸ್ಟ್ರಾಟ್ ಬಗೆಯದರಲ್ಲಿ 52-53. ಅಗಲದವಕ್ಕೆಂದೇ ಡಂಕನ್‌ನವರು ಟ್ರೆಂಬಕರ್ ಎಂದೂ ಡಿಮಾರ್ಜಿಯೊದವರು ಎಫ್-ಸ್ಪೇಸ್ಡ್ ಎಂದೂ ಬೇರೆ ಅಳತೆ ಮಾಡುತ್ತಾರೆ. ಗಿಟಾರಿನ ಗುಂಡಿ ಸಿಂಗಲ್ ಕಾಯಿಲ್ಲಿನಷ್ಟೇ ಇದ್ದರೆ ಮರ ಕೊರೆಯಿಸಬೇಡಿ. ಅದೇ ಗಾತ್ರದಲ್ಲಿ ಎರಡು ಸುರುಳಿ ಕೂಡಿಸಿದ ಹಾಟ್ ರೇಲ್ಸ್‌ನಂಥವು ಸಿಗುತ್ತವೆ.

ಹಳೆಯದನ್ನು ಬಿಚ್ಚುವ ಮೊದಲು ಮೊಬೈಲಿನಲ್ಲಿ ಒಳಗಿನ ವೈರಿಂಗಿನ ಫೋಟೊ ತೆಗೆಯಿರಿ. ಹೊಸ ಹಂಬಕರಿನಿಂದ ನಾಲ್ಕು ಬಣ್ಣದ ತಂತಿ, ಒಂದು ಬರಿತಂತಿ ಹೊರಬರುತ್ತವೆ. ಬಣ್ಣದ ಅರ್ಥ ಕಂಪನಿಗೊಂದು ರೀತಿ, ಎಡವುವುದು ಇಲ್ಲೇ. ಡಂಕನ್‌ದಾದರೆ ಕಪ್ಪು ತಂತಿ ವಾಲ್ಯೂಮ್ ಪಾಟಿಗೆ, ಕೆಂಪು-ಬಿಳಿ ಒಂದಕ್ಕೊಂದು ಹೊಸೆದು ಟೇಪು, ಹಸಿರು ಮತ್ತು ಬರಿತಂತಿ ನೆಲಕ್ಕೆ, ಅಂದರೆ ಪಾಟಿನ ಬೆನ್ನಿಗೆ. ಡಿಮಾರ್ಜಿಯೊದಾದರೆ ಕೆಂಪು ಪಾಟಿಗೆ, ಕಪ್ಪು-ಬಿಳಿ ಹೊಸೆದು ಟೇಪು, ಹಸಿರು ಮತ್ತು ಬರಿತಂತಿ ನೆಲಕ್ಕೆ. ಒಂದರ ಕ್ರಮವನ್ನು ಇನ್ನೊಂದಕ್ಕೆ ಹಚ್ಚಿದರೆ ದನಿ ತೆಳ್ಳಗಾಗಿ ಸೊರಗುತ್ತದೆ, ಇಲ್ಲವೇ ಅರ್ಧ ಪಿಕಪ್ಪಷ್ಟೇ ಕೇಳುತ್ತದೆ.

ಬೆಸುಗೆಗೆ 40 ವಾಟಿನ ಐರನ್ ಸಾಕು. ಕಿಟಕಿ ತೆರೆದಿಡಿ, ಹೊಗೆ ಒಳಗೆಳೆಯಬೇಡಿ, ಸೀಸವಿರುವ ಸೋಲ್ಡರ್ ಮುಟ್ಟಿದ ಕೈಯನ್ನು ತೊಳೆಯದೆ ಏನೂ ತಿನ್ನಬೇಡಿ. ಪಾಟಿನ ಬೆನ್ನಿನ ಮೇಲೆ ಐರನ್ ಬಹಳ ಹೊತ್ತು ಒತ್ತಿದರೆ ಪಾಟ್ ಒಳಗೇ ಕೆಡುತ್ತದೆ. ಕುದುರೆಯಿಂದ ಬರುವ ಒಂಟಿ ನೆಲದ ತಂತಿಯನ್ನು ಕಿತ್ತುಬಿಟ್ಟರೆ ಗಿಟಾರ್ ಗುಂಯ್‌ಗುಡುತ್ತದೆ, ಅದನ್ನು ಇದ್ದಲ್ಲೇ ಬಿಡಿ. ರೇಡಿಯೊ, ಮಿಕ್ಸರ್ ರಿಪೇರಿ ಮಾಡುವ ಪಕ್ಕದ ಅಂಗಡಿಯವರೂ ಈ ಕೆಲಸ ಮಾಡಿಕೊಡಬಲ್ಲರು, ಬಣ್ಣದ ಚೀಟಿ ಅವರ ಮುಂದಿಟ್ಟರೆ ಆಯಿತು.

ಬಾರಿಸುವ ತಂತಿ ಹಾಕುವ ಮುನ್ನ ಕೇಬಲ್ ಚುಚ್ಚಿ, ಆಂಪಿನ ದನಿ ತಗ್ಗಿಸಿ, ಸ್ಕ್ರೂಡ್ರೈವರ್ ತುದಿಯಿಂದ ಎರಡೂ ಸುರುಳಿಯ ಧ್ರುವಗಳನ್ನು ಮೆಲ್ಲಗೆ ಮುಟ್ಟಿ. ಎರಡರಲ್ಲೂ ‘ಟಕ್’ ಬಂದರೆ ಎರಡೂ ಜೀವಂತ. ತಂತಿ ಹಾಕಿದ ಮೇಲೆ ಸ್ವಿಚ್ಚನ್ನು ನಡುವೆ ಇಟ್ಟು ಎರಡೂ ಪಿಕಪ್ ಒಟ್ಟಿಗೆ ಬಾರಿಸಿ. ದನಿ ಒಮ್ಮೆಲೇ ತೆಳ್ಳಗಾಗಿ ಮೂಗಿನಿಂದ ಬಂದಂತಿದ್ದರೆ ಎರಡು ಪಿಕಪ್ಪುಗಳು ಒಂದಕ್ಕೊಂದು ವಿರುದ್ಧ ದಿಕ್ಕಿನಲ್ಲಿವೆ. ಹೊಸದರಲ್ಲಿ ಪಾಟಿಗೆ ಹೋದ ತಂತಿಯನ್ನೂ ಹಸಿರನ್ನೂ ಅದಲುಬದಲು ಮಾಡಿ, ಬರಿತಂತಿ ನೆಲದಲ್ಲೇ ಇರಲಿ.

ಕೊನೆಗೆ ಮತ್ತೆ ಎತ್ತರದ ಸ್ಕ್ರೂ. ಜೋರಾದ ಹೊಸ ಬ್ರಿಡ್ಜ್ ಪಿಕಪ್ಪಿನ ಎದುರು ಹಳೆಯ ನೆಕ್ ಪಿಕಪ್ ಸೊರಗಿದಂತೆ ಕೇಳುವುದು ಸಹಜ, ಅದನ್ನು ಒಂದಿಷ್ಟು ಏರಿಸಿ, ಇದನ್ನು ಒಂದಿಷ್ಟು ಇಳಿಸಿ. ಬಿಚ್ಚಿದ ಹಳೆಯ ಪಿಕಪ್ಪನ್ನು ಹೊಸದರ ಡಬ್ಬಿಯಲ್ಲೇ ಇಟ್ಟು, ಯಾವ ಗಿಟಾರಿನದು, ಯಾವ ಬಣ್ಣದ ತಂತಿ ಎಲ್ಲಿತ್ತು ಎಂದು ಚೀಟಿ ಬರೆದು ಜೊತೆಗಿಡಿ. ಮುಂದೆಂದಾದರೂ ಗಿಟಾರ್ ಮಾರುವಾಗಲೋ, ತಮ್ಮನಿಗೆ ಇನ್ನೊಂದನ್ನು ಕಟ್ಟಿಕೊಡುವಾಗಲೋ ಅದು ಕೆಲಸಕ್ಕೆ ಬರುತ್ತದೆ.